ಪ್ಲಾಸ್ಟಿಕ್ ಇಟ್ಟಿಗೆಯ ಟಗರು

ಹಾನಗಲ್ಲಿನ ಬಸ್ ನಿಲ್ದಾಣದ ಗೋಡೆಗೋ ಶಿಗ್ಗಾವಿಯ ಚಹಾದಂಗಡಿಯ ಬಾಗಿಲಿಗೋ ಅಂಟಿಸಿದ ಟಗರಿನ ಕಾಳಗದ ಪೋಸ್ಟರ್ ಓದಿದವರಿಗೆ ಅದರ ಲೆಕ್ಕ ಗೊತ್ತಿರುತ್ತದೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟು ಹಲ್ಲು. ಹಲ್ಲು ಎಣಿಸಿ ಜೋಡಿ ಕಟ್ಟಬೇಕು. ಹಾಲುಹಲ್ಲಿನ ಮರಿಯ ಎದುರಿಗೆ ಎಂಟು ಹಲ್ಲಿನದನ್ನು ಬಿಡುವಂತಿಲ್ಲ. ಸುತ್ತ ಜನ, ಹಲಗೆಯ ಸದ್ದು, ದೂಳು. ಎರಡು ಟಗರು ಹಿಂದಕ್ಕೆ ಸರಿದು ಸರಿದು ಒಮ್ಮೆಲೇ ಓಡಿಬಂದು ಡಿಚ್ಚಿ ಹೊಡೆದಾಗ ಏಳುವ ಆ ಒಣ ಸಪ್ಪಳ ಕೇಳಿದವರಿಗೆ ಮರೆಯುವುದಿಲ್ಲ.

ಅದೇ ಕಣ ಒಂದು ಮೇಜಿನ ಮೇಲೂ ಹಿಡಿಸುತ್ತದೆ. ಕಪ್ಪು ಬಣ್ಣ ಬಳಿದ ದುಂಡನೆಯ ಪ್ಲೈವುಡ್, ಅದರ ಅಂಚಿಗೆ ಬಿಳಿ ಪಟ್ಟಿ. ಎದುರುಬದುರು ನಿಂತಿರುವುದು ಊಟದ ಡಬ್ಬಿಯಷ್ಟು ದೊಡ್ಡ ಎರಡು ಯಂತ್ರ. ಮೈಯೆಲ್ಲ ಮಕ್ಕಳಾಟದ ಬಣ್ಣದ ಇಟ್ಟಿಗೆ, ಹೊಟ್ಟೆಯೊಳಗೆ ಮೋಟರು, ಬೆನ್ನ ಮೇಲೆ ಬ್ಯಾಟರಿ. ಐದು ಸೆಕೆಂಡು ಎರಡೂ ಅಲುಗುವುದಿಲ್ಲ. ಆಮೇಲೆ ಗಿರ್ರನೆ ಮುಂದಕ್ಕೆ ನುಗ್ಗುತ್ತವೆ. ಡಿಕ್ಕಿ. ಒಂದರ ಮೂತಿಯಿಂದ ಕೆಂಪು ತುಂಡುಗಳು ಕಿತ್ತು ಹುರಿಗಡಲೆಯ ಹಾಗೆ ನೆಲದ ತುಂಬ ಚೆಲ್ಲುತ್ತವೆ. ರಕ್ತ ಬರುವುದಿಲ್ಲ. ಸೋತ ಯಂತ್ರ ಕಟ್ಟಿದ ಹುಡುಗಿ ತುಂಡುಗಳನ್ನು ಆಯ್ದು ಲಂಗದ ಮಡಿಲಿಗೆ ಹಾಕಿಕೊಂಡು ಮತ್ತೆ ಕಟ್ಟಲು ಕೂರುತ್ತಾಳೆ.

ನನ್ನ ಮಟ್ಟಿಗೆ ಈ ಆಟದ ತಿರುಳು ಆ ಚೆಲ್ಲಿದ ತುಂಡುಗಳಲ್ಲಿದೆ. ಕಬ್ಬಿಣದ ಯಂತ್ರ ಮುರಿದರೆ ಗುಜರಿಗೆ ಹೋಗುತ್ತದೆ. ಇಟ್ಟಿಗೆಯ ಯಂತ್ರ ಮುರಿಯುವುದು ಅಪರೂಪ, ಬಿಚ್ಚಿಕೊಳ್ಳುವುದೇ ಹೆಚ್ಚು. ಎಲ್ಲಿ ಬಿಚ್ಚಿಕೊಂಡಿತು ಎಂದು ನೋಡಿದರೆ ಎಲ್ಲಿ ತಪ್ಪಿದ್ದೆವು ಎಂಬುದು ಕಣ್ಣಿಗೇ ಕಾಣುತ್ತದೆ. ಹತ್ತು ನಿಮಿಷದಲ್ಲಿ ತಿದ್ದಿ ಮತ್ತೆ ಕಣಕ್ಕೆ ಇಳಿಯಬಹುದು. ಇಷ್ಟು ಬೇಗ, ಇಷ್ಟು ಕಡಿಮೆ ನಷ್ಟದಲ್ಲಿ ಸೋಲನ್ನು ಪರೀಕ್ಷಿಸಲು ಬಿಡುವ ಆಟ ಬೇರೆ ನನಗೆ ಕಂಡಿಲ್ಲ.

ಕಾಳಗ ಬಂದ ದಾರಿ

ಯಂತ್ರಗಳನ್ನು ಕಾದಾಡಿಸುವ ಆಟ ಅಮೆರಿಕ ಮತ್ತು ಜಪಾನಿನಲ್ಲಿ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬೆಳೆಯಿತು. ಡೆನ್ವರ್ ನಗರದ ಹವ್ಯಾಸಿಗಳ ಗುಂಪೊಂದು 1987ರಲ್ಲೇ ಮನೆಯಲ್ಲಿ ಮಾಡಿದ ಯಂತ್ರಗಳನ್ನು ಒಂದರ ಮೇಲೊಂದು ಬಿಡುತ್ತಿತ್ತು. ಸ್ಯಾನ್ ಫ್ರಾನ್ಸಿಸ್ಕೊದ ಮಾರ್ಕ್ ಥಾರ್ಪ್ ಕಸ ಹೀರುವ ಯಂತ್ರವನ್ನು ರೇಡಿಯೊ ಮೂಲಕ ಓಡಿಸಲು ಹೊರಟು, ಅದರಿಂದ ಸಿಕ್ಕ ಯೋಚನೆಯಲ್ಲಿ 1994ರಲ್ಲಿ ‘ರೋಬೋಟ್ ವಾರ್ಸ್’ ಎಂಬ ಪಂದ್ಯ ನಡೆಸಿದರು. 1998ರಲ್ಲಿ ಬಿಬಿಸಿ ಅದನ್ನು ಟಿ.ವಿ.ಗೆ ತಂದಿತು. 2000ದಲ್ಲಿ ಅಮೆರಿಕದಲ್ಲಿ ‘ಬ್ಯಾಟಲ್‌ಬಾಟ್ಸ್’ ಬಂತು. ಅಲ್ಲಿನ ಯಂತ್ರಗಳು 113 ಕಿಲೊವರೆಗೆ ತೂಗುತ್ತವೆ. ನಮ್ಮ ಕಾಲೇಜು ಹುಡುಗರಿಗೆ ಪರಿಚಯವಿರುವ ರೋಬೊವಾರ್, ಐಐಟಿ ಬಾಂಬೆಯ ಟೆಕ್‌ಫೆಸ್ಟ್‌ನಲ್ಲಿ ಜನ ಮುಗಿಬಿದ್ದು ನೋಡುವ ಪಂದ್ಯ, ಇದೇ ಮನೆತನದ್ದು.

ಜಪಾನಿನ ದಾರಿ ಬೇರೆ. ಅಲ್ಲಿ ಸುಮೊ ಕುಸ್ತಿಯ ಮಾದರಿಯಲ್ಲಿ 1990ರ ಹೊತ್ತಿಗೆ ರೋಬೊ ಸುಮೊ ಶುರುವಾಯಿತು. ಕೊಯ್ಯುವುದಿಲ್ಲ, ಸುಡುವುದಿಲ್ಲ; ಎದುರಾಳಿಯನ್ನು ದುಂಡನೆಯ ಕಣದಿಂದ ಹೊರಕ್ಕೆ ನೂಕಿದರೆ ಗೆಲುವು. ದೊಡ್ಡ ವರ್ಗದಲ್ಲಿ ಯಂತ್ರ 3 ಕಿಲೊ ಮೀರಬಾರದು, 20 ಸೆಂ.ಮೀ. ಚೌಕದೊಳಗೆ ಕೂಡಬೇಕು, ಕಣದ ಅಡ್ಡಳತೆ 154 ಸೆಂ.ಮೀ. ಚಿಕ್ಕ ವರ್ಗದಲ್ಲಿ ಇದೆಲ್ಲ ಕುಗ್ಗಿ 500 ಗ್ರಾಂ, 10 ಸೆಂ.ಮೀ. ಮತ್ತು 77 ಸೆಂ.ಮೀ. ಆಗುತ್ತದೆ. ಬ್ರಿಟನ್ನಿನವರಂತೂ 150 ಗ್ರಾಮಿನ ‘ಇರುವೆ ತೂಕ’ದ ವರ್ಗವನ್ನೇ ಮಾಡಿಕೊಂಡಿದ್ದಾರೆ. ಟಗರಿಗೆ ಹಲ್ಲಿನ ಲೆಕ್ಕ ಇದ್ದಂತೆ ರೋಬೊಗೆ ತಕ್ಕಡಿಯ ಲೆಕ್ಕ.

ಆಟಿಕೆ ಇಟ್ಟಿಗೆಯಲ್ಲಿ ಕಟ್ಟುವವರಿಗೆ ಹೊಂದುವುದು ಈ ಸುಮೊ. ಟಿ.ವಿ.ಯಲ್ಲಿ ಕಂಡ ತಿರುಗುವ ಅಲಗನ್ನು ಕೂರಿಸುವ ಆಸೆ ಎಲ್ಲ ಮಕ್ಕಳಿಗೂ ಹುಟ್ಟುತ್ತದೆ. ಆದರೆ ಹೊಡೆತ ಎದುರಾಳಿಗೆ ಎಷ್ಟು ಬೀಳುತ್ತದೋ ಅಷ್ಟೇ ಹೊಡೆದವನ ಮೈಗೂ ಬೀಳುತ್ತದೆ. ಉಕ್ಕಿನ ಚೌಕಟ್ಟು ಅದನ್ನು ತಡೆದೀತು. ಇಟ್ಟಿಗೆಯ ಮೈ ತನ್ನದೇ ಏಟಿಗೆ ಉದುರುತ್ತದೆ. ಹಾರಿದ ತುಂಡು ಕಣ್ಣಿಗೆ ಬಿದ್ದರೆ ಅಪಾಯವೂ ಹೌದು. ನೂಕುವುದು, ಎತ್ತುವುದು, ಮಗುಚುವುದು ಇಷ್ಟರೊಳಗೇ ಇಟ್ಟಿಗೆಯ ಟಗರಿನ ಸಾಮರ್ಥ್ಯವೆಲ್ಲ ಅಡಗಿದೆ.

ಗಾರೆಯಿಲ್ಲದ ಕಟ್ಟಡ

ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದವರು ರಂಗಮಂಟಪದ ಕಂಬಗಳನ್ನು ಮುಟ್ಟಿ ನೋಡಿರುತ್ತೀರಿ. ತಿರುಗಿಸಿ ಕಡೆದ ಕಲ್ಲು, ಕನ್ನಡಿಯಂಥ ನುಣುಪು. ನಾನು ಮಕ್ಕಳಿಗೆ ಅಲ್ಲಿ ತೋರಿಸುವುದು ಇನ್ನೊಂದನ್ನು: ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಒಂದು ಕಲ್ಲು ಇನ್ನೊಂದರ ಮೇಲೆ ಕೂರುವ ಹಾಗೆ ಕಡೆದು, ತೂಕ ಮತ್ತು ಅಳತೆಯ ಮೇಲೇ ಇಡೀ ಮಂಟಪವನ್ನು ನಿಲ್ಲಿಸಿದರು. ಅಂಟಿನ ಕೆಲಸವನ್ನು ಅಳತೆಯಿಂದ ಮಾಡಿಸಿದರು.

ಆಟಿಕೆ ಇಟ್ಟಿಗೆಯೂ ಬದುಕಿರುವುದು ಅಳತೆಯ ಮೇಲೆ. ಡೆನ್ಮಾರ್ಕಿನ ಬಿಲುಂಡ್ ಎಂಬ ಸಣ್ಣ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ 1932ರಲ್ಲಿ ಮರದ ಆಟಿಕೆ ಮಾಡತೊಡಗಿದರು. ಅವರ ಕಂಪನಿಯ ಹೆಸರು ಲೆಗೊ. ಡ್ಯಾನಿಶ್ ಭಾಷೆಯಲ್ಲಿ ‘ಚೆನ್ನಾಗಿ ಆಡು’ ಎಂಬ ಮಾತಿನಿಂದ ಬಂದದ್ದು. 1949ರಲ್ಲಿ ಪ್ಲಾಸ್ಟಿಕ್ ಇಟ್ಟಿಗೆ ಬಂತು, ಆದರೆ ಹಿಡಿತ ಸಾಲದಾಗಿತ್ತು. ಒಳಗೆ ಟೊಳ್ಳು ಕೊಳವೆ ಸೇರಿಸಿದ ಇಂದಿನ ವಿನ್ಯಾಸಕ್ಕೆ ಅವರ ಮಗ ಗೊಡ್‌ಫ್ರೆಡ್ 1958ರ ಜನವರಿಯಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ಆ ವರ್ಷದ ಇಟ್ಟಿಗೆ ಇಂದಿನ ಇಟ್ಟಿಗೆಗೆ ಈಗಲೂ ಕೂಡಿಕೊಳ್ಳುತ್ತದೆ.

ಇಟ್ಟಿಗೆಯ ತಲೆಯ ಮೇಲೆ ದುಂಡನೆಯ ಗುಬುಟುಗಳಿವೆ, ಅಡ್ಡಳತೆ 4.8 ಮಿ.ಮೀ. ಒಂದು ಗುಬುಟಿನ ನಡುವಿನಿಂದ ಮುಂದಿನದರ ನಡುವಿಗೆ 8 ಮಿ.ಮೀ. ಇಟ್ಟಿಗೆಯ ಎತ್ತರ 9.6 ಮಿ.ಮೀ. ತೆಳ್ಳನೆಯ ಪ್ಲೇಟಿನದು ಅದರ ಮೂರನೆಯ ಒಂದು ಭಾಗ, 3.2 ಮಿ.ಮೀ. ಈ ನಾಲ್ಕು ಅಂಕಿಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಅಚ್ಚು ಕೂದಲೆಳೆಗಿಂತ ಕಡಿಮೆ ಹೆಚ್ಚುಕಮ್ಮಿಯಾದರೂ ಹಿಡಿತ ತಪ್ಪುತ್ತದೆ. ಜಾತ್ರೆಯಲ್ಲಿ ಸಿಗುವ ಅಗ್ಗದ ಬ್ಲಾಕ್ಸ್ ಕೆಲವು ಕೂಡದಿರುವುದೂ, ಕೆಲವು ಕೂಡಿದ ಮೇಲೆ ಬಿಡದಿರುವುದೂ ಇದಕ್ಕೇ.

1977ರಲ್ಲಿ ಲೆಗೊ ತಂದ, ಮುಂದೆ ‘ಟೆಕ್ನಿಕ್’ ಎಂದು ಹೆಸರಾದ ಮಾಲಿಕೆ ಇಟ್ಟಿಗೆಯ ಪಕ್ಕೆಗೆ ತೂತು ಕೊಟ್ಟಿತು. ತೂತು ಬಂದ ಮೇಲೆ ಗಾಲಿಯ ಅಚ್ಚು ತೂರಿಸಬಹುದು, ಗಿಯರ್ ಕೂರಿಸಬಹುದು, ಪಿನ್ ಹೊಡೆಯಬಹುದು. ಮನೆ ಕಟ್ಟುವ ಆಟ ಯಂತ್ರ ಕಟ್ಟುವ ಆಟವಾಯಿತು.

ಐದು ಪ್ಲೇಟಿನ ಗುಟ್ಟು

ಮೊದಲ ಸಲ ಕಟ್ಟುವವರೆಲ್ಲ ಮಾಡುವುದು ಒಂದೇ: ಇಟ್ಟಿಗೆಯ ಮೇಲೆ ಇಟ್ಟಿಗೆ ಪೇರಿಸಿ ಕೋಟೆಯಂಥ ದಪ್ಪ ಯಂತ್ರ. ನೋಡಲು ಭದ್ರ. ಮೊದಲ ಡಿಕ್ಕಿಗೆ ಅದು ಪದರು ಪದರಾಗಿ ಬಿಚ್ಚಿಕೊಳ್ಳುತ್ತದೆ.

ಕಾರಣ ಸರಳ. ಇಟ್ಟಿಗೆಗಳ ಕೂಡಿಕೆ ಮೇಲಿನಿಂದ ಒತ್ತಿದರೆ ಬಹಳ ಭಾರವನ್ನು ತಾಳುತ್ತದೆ, ಮೇಲಕ್ಕೆ ಎಳೆದರೆ ಬಿಟ್ಟುಕೊಡುತ್ತದೆ. ಬಿಟ್ಟುಕೊಡದಿದ್ದರೆ ಆಟಿಕೆಯಾಗುತ್ತಿರಲಿಲ್ಲ, ಮಕ್ಕಳು ಬಿಚ್ಚಲೇಬೇಕಲ್ಲ. ಎದುರಿನಿಂದ ಏಟು ಬಿದ್ದಾಗ ಮೂತಿ ಸನಿಕೆಯ ಹಾಗೆ ಮೀಟುತ್ತದೆ, ಮೇಲಿನ ಪದರನ್ನು ಕೆಳಗಿನದರಿಂದ ಎಬ್ಬಿಸುತ್ತದೆ. ಎಷ್ಟೇ ದಪ್ಪ ಪೇರಿಸಿದರೂ ಎಬ್ಬಿಸುವ ಬಲಕ್ಕೆ ಎದುರಾಗಿ ನಿಲ್ಲುವುದು ಒಂದೇ ಒಂದು ಪದರಿನ ಹಿಡಿತ.

ಇದಕ್ಕೆ ಮದ್ದು ನಮ್ಮ ಬಡಗಿಗಳ ಕೈಯಲ್ಲೇ ಇದೆ. ಹಿರೇಕೆರೂರಿನ ಕಡೆ ಹಳೆಯ ಕೂರಿಗೆ ಸಿಕ್ಕರೆ ತಿರುಗಿಸಿ ನೋಡಿ. ಮರವನ್ನು ಮರಕ್ಕೆ ಕೂಡಿಸಿ ಸುಮ್ಮನೆ ಬಿಟ್ಟಿರುವುದಿಲ್ಲ. ಕೂಡಿಕೆಗೆ ಅಡ್ಡಲಾಗಿ ಬೆಣೆ ಬಡಿದಿರುತ್ತದೆ. ಹೊಲದ ಎಳೆತ ಯಾವ ದಿಕ್ಕಿಗೋ ಬೆಣೆ ಅದಕ್ಕೆ ಅಡ್ಡ. ಇಟ್ಟಿಗೆಯ ಯಂತ್ರಕ್ಕೂ ಪದರುಗಳನ್ನು ಅಡ್ಡಹಾಯ್ದು ನೆಟ್ಟಗೆ ನಿಲ್ಲುವ ಒಂದು ತೂತಿನ ಪಟ್ಟಿ ಬೇಕು, ಅದನ್ನು ಮೇಲಿನ ಮತ್ತು ಕೆಳಗಿನ ಇಟ್ಟಿಗೆಗೆ ಪಿನ್ನಿನಿಂದ ಬಿಗಿಯಬೇಕು.

ಇಲ್ಲಿ ಒಂದು ತೊಡಕು. ನೆಟ್ಟಗಿನ ಪಟ್ಟಿಯಲ್ಲಿ ತೂತುಗಳ ಅಂತರ 8 ಮಿ.ಮೀ. ಪೇರಿಸಿದ ಇಟ್ಟಿಗೆಗಳ ತೂತುಗಳ ಅಂತರ 9.6 ಮಿ.ಮೀ. ತೂತಿಗೆ ತೂತು ಎದುರಾಗುವುದಿಲ್ಲ, ಪಿನ್ ಹೋಗುವುದಿಲ್ಲ. ಇಲ್ಲಿಗೆ ಬಂದು ಕೈಬಿಟ್ಟ ಮಕ್ಕಳು ಎಷ್ಟೋ.

ಈಗ ಇಟ್ಟಿಗೆಯ ಆ ನಾಲ್ಕು ಅಂಕಿಗಳನ್ನು ಹೊರತೆಗೆಯಿರಿ. ಎರಡು ತೂತಿನ ಇಟ್ಟಿಗೆಗಳ ನಡುವೆ ಎರಡು ಪ್ಲೇಟು ಇಟ್ಟರೆ ತೂತಿನಿಂದ ತೂತಿಗೆ 9.6, ಅದಕ್ಕೆ ಎರಡು ಸಲ 3.2 ಕೂಡಿ 16 ಮಿ.ಮೀ. ಹದಿನಾರು ಎಂದರೆ ಎರಡೆಂಟಲ! ನೆಟ್ಟಗಿನ ಪಟ್ಟಿಯ ಒಂದು ತೂತು ಬಿಟ್ಟು ಮುಂದಿನ ತೂತಿಗೆ ಪಿನ್ ಸರಾಗವಾಗಿ ಕೂರುತ್ತದೆ. ಇಟ್ಟಿಗೆಯನ್ನೂ ಮೂರು ಪ್ಲೇಟೆಂದು ಎಣಿಸಿದರೆ, ಐದು ಪ್ಲೇಟಿನ ಎತ್ತರ ಎರಡು ಗುಬುಟಿನ ಅಂತರಕ್ಕೆ ಸಮ. ಅಮೆರಿಕದ ಎಂಐಟಿಯಲ್ಲಿ ಲೆಗೊ ರೋಬೊಗಳ ಸ್ಪರ್ಧೆಗೆ ವಿದ್ಯಾರ್ಥಿಗಳನ್ನು ತಯಾರು ಮಾಡುತ್ತಿದ್ದ ಫ್ರೆಡ್ ಮಾರ್ಟಿನ್ 1995ರಲ್ಲಿ ಇಂಥ ಕಟ್ಟುವ ಕಲೆಯ ಬಗ್ಗೆಯೇ ಒಂದು ಲೇಖನ ಬರೆದರು. ಇಡೀ ಆಟದಲ್ಲಿ ನನಗೆ ಅತ್ಯಂತ ಚೆಂದ ಕಾಣುವುದು ಈ ಲೆಕ್ಕ. ಐದನೆಯ ತರಗತಿಯ ಗುಣಾಕಾರ ಗೊತ್ತಿರುವ ಯಾರಾದರೂ ಇದನ್ನು ತಾವಾಗಿಯೇ ಕಂಡುಕೊಳ್ಳಬಹುದು. ಕಂಡುಕೊಂಡ ದಿನ ಅವರ ಯಂತ್ರವನ್ನು ಮೇಜಿನ ಮೇಲಿಂದ ಕೆಡವಿದರೂ ಅದು ಸುಲಭಕ್ಕೆ ಬಿಚ್ಚಿಕೊಳ್ಳುವುದಿಲ್ಲ.

ಪಿನ್ನಿನಲ್ಲೂ ಎರಡು ಜಾತಿ. ಕಪ್ಪು ಪಿನ್ ತೂತಿನೊಳಗೆ ಬಿಗಿಯಾಗಿ ಕಚ್ಚುತ್ತದೆ, ಬೂದು ಬಣ್ಣದ್ದು ಸಲೀಸಾಗಿ ತಿರುಗುತ್ತದೆ. ಮೈಗಟ್ಟಿಗೆ ಕಪ್ಪು, ಕೀಲಿಗೆ ಬೂದು.

ಹಾಗೆಂದು ಎಲ್ಲವನ್ನೂ ಬಿಗಿದುಬಿಟ್ಟರೆ ಅದೂ ತಪ್ಪು. ಕಲ್ಲಿಗೆ ತಾಗಿದಾಗ ಒಂದು ಬೋಲ್ಟ್ ಮುರಿದು ನೇಗಿಲು ಉಳಿಯುವ ಹಾಗೆ ಟ್ರ್ಯಾಕ್ಟರ್ ಸಲಕರಣೆಗಳನ್ನು ಮಾಡಿರುತ್ತಾರಲ್ಲ, ಆ ಬುದ್ಧಿ ಇಲ್ಲೂ ಬೇಕು. ಮೂತಿ ಕಿತ್ತು ಹೋಗಲಿ, ಮೋಟರ್ ಕೂತ ಬೆನ್ನುಹುರಿ ಅಲುಗದಿರಲಿ.

ಕೆಸರುಗದ್ದೆಯ ಪಾಠ

ಸಣ್ಣ ಮೋಟರು ಬಲು ಜೋರಾಗಿ ತಿರುಗುತ್ತದೆ, ಬೆರಳು ಅಡ್ಡ ಇಟ್ಟರೆ ನಿಲ್ಲುತ್ತದೆ. ಅದರ ವೇಗವನ್ನು ಮಾರಿ ಬಲವನ್ನು ಕೊಳ್ಳುವ ಸಂತೆಯೇ ಗಿಯರ್. ಎಂಟು ಹಲ್ಲಿನ ಗಿಯರ್ 24 ಹಲ್ಲಿನದನ್ನು ತಿರುಗಿಸಿದರೆ ಮೂರು ಸುತ್ತಿಗೆ ಒಂದು ಸುತ್ತು. ತಿಕ್ಕಾಟದಲ್ಲಿ ಹೋಗುವುದನ್ನು ಬಿಟ್ಟರೆ ಬಲ ಮೂರು ಪಟ್ಟು. ಲೋ ಗೇರಿನಲ್ಲಿ ಏರು ಹತ್ತುವ ಟ್ರ್ಯಾಕ್ಟರಿನದೂ ಇದೇ ವ್ಯವಹಾರ. ಲೆಗೊದಲ್ಲಿ 8 ಮತ್ತು 24 ಹಲ್ಲಿನವು ಎರಡು ತೂತಿನ ಅಂತರದಲ್ಲಿ, 8 ಮತ್ತು 40 ಹಲ್ಲಿನವು ಮೂರು ತೂತಿನ ಅಂತರದಲ್ಲಿ ಸರಿಯಾಗಿ ಕಚ್ಚುತ್ತವೆ. 16 ಮತ್ತು 24ನ್ನು ಜೋಡಿಸಲು ಹೋದರೆ ಎರಡೂವರೆ ತೂತು ಬೇಕಾಗುತ್ತದೆ, ಅಲ್ಲಿ ಎಲ್ಲರೂ ಒಮ್ಮೆ ಸಿಕ್ಕಿಬೀಳುತ್ತಾರೆ.

ಹಾಗಾದರೆ ಬಲ ಹೆಚ್ಚಿಸುತ್ತ ಹೋದರೆ ಗೆಲುವೇ? ಇಲ್ಲ. ಏಕೆಂದು ಅಂಕಿಗಳಲ್ಲೇ ನೋಡಬಹುದು.

ಲೆಗೊದ ರೋಬೊ ಕಟ್ಟುವ ಪೆಟ್ಟಿಗೆ ‘ಮೈಂಡ್‌ಸ್ಟಾರ್ಮ್ಸ್ ಇವಿ3’ಯ ದೊಡ್ಡ ಮೋಟರು ನಿಮಿಷಕ್ಕೆ 160ರಿಂದ 170 ಸುತ್ತು ತಿರುಗುತ್ತದೆ. ಅದರ ತಿರುಚುವ ಬಲ 20 ನ್ಯೂಟನ್ ಸೆಂಟಿಮೀಟರ್. ತಕ್ಕಡಿಯ ಮಾತಿನಲ್ಲಿ ಹೇಳುವುದಾದರೆ, 5.6 ಸೆಂ.ಮೀ. ಅಡ್ಡಳತೆಯ ಗಾಲಿ ಹಾಕಿದಾಗ ಒಂದೊಂದು ಗಾಲಿಯ ತಳ್ಳುವ ಬಲ 700 ಗ್ರಾಂ ತೂಕದಷ್ಟು. ಮೋಟರಿಗೊಂದರಂತೆ ಎರಡು ಗಾಲಿಗೆ ಹತ್ತಿರ ಹತ್ತಿರ ಒಂದೂವರೆ ಕಿಲೊ. ಯಂತ್ರದ ತೂಕ ಒಂದು ಕಿಲೊ ಅನ್ನಿ. ನುಣುಪು ಹಲಗೆಯ ಮೇಲೆ ರಬ್ಬರ್ ಗಾಲಿಗೆ ಸಿಗುವ ಹಿಡಿತ ತೂಕದ ಮುಕ್ಕಾಲು ಪಾಲು ಎಂದು ಧಾರಾಳವಾಗಿ ಹಿಡಿದರೂ 750 ಗ್ರಾಂ. ಮೋಟರಿನ ಬಲ ಹಿಡಿತದ ಎರಡು ಪಟ್ಟು! ಜೋರು ಹಾಕಿದರೆ ಗಾಲಿ ಅಲ್ಲೇ ಗಿರಗಿರ ಸುತ್ತುತ್ತದೆ.

ಹಾನಗಲ್ ತಾಲ್ಲೂಕಿನ ಭತ್ತದ ರೈತರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಕೆಸರಿನಲ್ಲಿ ಟ್ರ್ಯಾಕ್ಟರ್ ಸಿಕ್ಕಿಕೊಂಡಾಗ ಎಕ್ಸಲರೇಟರ್ ಒತ್ತಿದಷ್ಟೂ ಗಾಲಿ ಹೂತುಹೋಗುತ್ತದೆ. ಇಂಜಿನ್ನಿಗೆ ಬಲವಿಲ್ಲವೆಂದಲ್ಲ, ನೆಲ ಕೈಗೆ ಸಿಗುತ್ತಿಲ್ಲ. ಅದಕ್ಕೇ ಕೇಜ್‌ವೀಲ್ ಹಾಕುವುದು, ಮುಂದೆ ಕಬ್ಬಿಣದ ತೂಕ ಕಟ್ಟುವುದು, ಹಿಂದಿನ ಟೈರಿಗೆ ನೀರು ತುಂಬಿಸುವುದು. ಸುಮೊ ರೋಬೊ ಕಟ್ಟುವವರೂ ತೂಕದ ಮಿತಿಯ ಕೊನೆಯ ಗ್ರಾಮಿನವರೆಗೆ ಭಾರ ತುಂಬುತ್ತಾರೆ. ಆ ಭಾರವನ್ನು ಓಡಿಸುವ ಗಾಲಿಯ ನೆತ್ತಿಯ ಮೇಲೇ ಕೂರಿಸುತ್ತಾರೆ. ಪಂದ್ಯಕ್ಕೆ ಮೊದಲು ಗಾಲಿಯ ದೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಇದು ಸಣ್ಣ ಕೆಲಸವೆಂದು ಕಂಡರೂ ನಮ್ಮ ಕಡೆಯ ದೂಳಿಗೆ ಇದರಷ್ಟು ಫಲ ಕೊಡುವುದು ಬೇರಿಲ್ಲ.

ಬುಡಕ್ಕೆ ಇಳಿಯುವ ಪಟ್ಟು

ಹಿಡಿತವೇ ಎಲ್ಲ ಎಂದ ಮೇಲೆ, ಎದುರಾಳಿಯ ಹಿಡಿತ ಕಸಿಯುವುದೇ ಪಟ್ಟು. ಕುಸ್ತಿಯಲ್ಲಿ ಸಣ್ಣ ಪೈಲ್ವಾನ ದೊಡ್ಡವನ ಕಾಲಬುಡಕ್ಕೆ ಇಳಿದು ಎತ್ತಿದನೆಂದರೆ ಅವನ ಮೈಭಾರ ಅವನಿಗೇ ಮುಳುವು.

ರೋಬೊದ ಮೂತಿಗೆ ನೆಲಕ್ಕೆ ಅಂಟಿದಂತೆ ಇಳಿಜಾರು ಹಲಗೆ ಕಟ್ಟುವುದು ಇದಕ್ಕಾಗಿ. ಅದು ಎದುರಾಳಿಯ ಕೆಳಗೆ ನುಗ್ಗಿದರೆ ಅವನ ಮುಂದಿನ ಗಾಲಿ ಎದ್ದು ಗಾಳಿಯಲ್ಲಿ ತಿರುಗುತ್ತದೆ. ಅವನ ತೂಕದ ಒಂದು ಪಾಲು ನಿಮ್ಮ ಗಾಲಿಯ ಮೇಲೆ ಕೂರುತ್ತದೆ. ಅವನ ಹಿಡಿತ ಕಡಿಮೆಯಾಯಿತು, ನಿಮ್ಮದು ಅಷ್ಟೇ ಹೆಚ್ಚಾಯಿತು. ಒಂದೇ ಏಟಿಗೆ ಎರಡು ಲಾಭ. ಆದ್ದರಿಂದ ಎತ್ತರದ, ಮುಖಕ್ಕೆ ಕೊಂಬು ಕಟ್ಟಿಕೊಂಡ ಯಂತ್ರಗಳು ಕಣದಲ್ಲಿ ಬಾಳುವುದಿಲ್ಲ. ಗೆಲ್ಲುವವು ಚಪ್ಪಟೆ, ಆಮೆಯಂಥವು, ನೋಡಲು ಏನೂ ಇಲ್ಲದವು.

ಮೇಲಿನ ಮೋಟರಿನ ವೇಗಕ್ಕೆ ಯಂತ್ರ ಸೆಕೆಂಡಿಗೆ ಹೆಚ್ಚುಕಡಿಮೆ ಅರ್ಧ ಮೀಟರ್ ಓಡುತ್ತದೆ. 77 ಸೆಂ.ಮೀ. ಕಣದ ನಡುವಿನಿಂದ ಅಂಚಿಗೆ ಒಂದು ಸೆಕೆಂಡೂ ಬೇಡ. ಮೂರು ನಿಮಿಷದ ಪಂದ್ಯ ಎಂದು ನಿಯಮವಿದ್ದರೂ ಕಣ್ಣು ಮಿಟುಕಿಸುವುದರೊಳಗೆ ಮುಗಿಯುವುದುಂಟು.

ಸುಟ್ಟ ವಾಸನೆ

ಎರಡು ಯಂತ್ರ ತಲೆಗೆ ತಲೆ ಕೊಟ್ಟು ನಿಂತುಬಿಟ್ಟವು. ಗಾಲಿಯೂ ತಿರುಗುತ್ತಿಲ್ಲ. ಆಗ ಮೋಟರಿನೊಳಗೆ ನಡೆಯುವುದನ್ನು ಸವಣೂರಿನ ಎಲೆಬಳ್ಳಿ ತೋಟದವರು ಮೂಗಿನಿಂದಲೇ ಗುರುತಿಸುತ್ತಾರೆ. ಪಂಪಿನ ಇಂಪೆಲ್ಲರಿಗೆ ಕಸ ಸಿಕ್ಕಿ ಮೋಟರು ತಿರುಗಲಾರದೆ ಗುಂಯ್ ಎಂದು ನಿಂತರೆ ಸ್ವಲ್ಪ ಹೊತ್ತಿಗೆ ಅರಗು ಸುಟ್ಟ ವಾಸನೆ. ಮರುದಿನ ವೈಂಡಿಂಗ್ ಅಂಗಡಿ. ತಿರುಗಬೇಕಾದ ಮೋಟರು ತಿರುಗದೆ ನಿಂತಾಗ ಅದು ಅತಿ ಹೆಚ್ಚು ಕರೆಂಟು ಎಳೆಯುತ್ತದೆ. ಆ ಶಕ್ತಿ ಕೆಲಸವಾಗಿ ಹೊರಗೆ ಬರದೆ ಶಾಖವಾಗಿ ಒಳಗೇ ಉಳಿಯುತ್ತದೆ.

ಆದ್ದರಿಂದ ಚೆನ್ನಾಗಿ ಕಟ್ಟಬಲ್ಲವರು ಗಾಲಿ ಜಾರಲು ಬಿಡುತ್ತಾರೆ. ಜಾರುವ ಗಾಲಿ ಮೋಟರನ್ನು ಕಾಯುತ್ತದೆ.

ಬ್ಯಾಟರಿಯದೂ ಒಂದು ಮಾತು. ಆರು ಪೆನ್ಸಿಲ್ ಸೆಲ್ ಸಾಲಾಗಿ ಹಾಕಿದರೆ 9 ವೋಲ್ಟ್; ಚಾರ್ಜ್ ಮಾಡುವ ಸೆಲ್ ಆರು ಹಾಕಿದರೆ 7.2 ಮಾತ್ರ. ಅಗ್ಗದ ಸರ್ಕ್ಯೂಟುಗಳಲ್ಲಿ ಎಲ್ಲರೂ ಬಳಸುವ ಎಲ್298ಎನ್ ಎಂಬ ಮೋಟರ್ ಡ್ರೈವರ್ ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ. ಮೋಟರಿಗೆ ಸಿಗುವುದು ಉಳಿದದ್ದು. ‘ಹೊಸ ಸೆಲ್ ಹಾಕಿದರೂ ಜೋರಾಗಿ ಓಡುತ್ತಿಲ್ಲ’ ಎಂಬ ಅಳಲಿಗೆ ಎಷ್ಟೋ ಸಲ ಕಾರಣ ಈ ಸೋರಿಕೆ. ಲಿಥಿಯಂ ಸೆಲ್ ಹಾಕುವವರು ಅದಕ್ಕೆ ಏಟು ಬೀಳದ, ಮೊಳೆ ಚುಚ್ಚದ ಜಾಗವನ್ನು ಯಂತ್ರದ ನಡುವೆ ಮಾಡಲೇಬೇಕು. ಮಕ್ಕಳ ಜೊತೆ ದೊಡ್ಡವರೊಬ್ಬರು ಇರಲೇಬೇಕಾದ ಕೆಲಸ ಇದು.

ಕಣ್ಣಿರುವ ಟಗರು

ಕೈಯಲ್ಲಿ ರಿಮೋಟ್ ಹಿಡಿದು ಆಡಿಸುವುದೂ ಉಂಟು. ಸುಮೊದ ನಿಜವಾದ ಸೊಗಸು ಯಂತ್ರ ತಾನೇ ಕಾದುವುದರಲ್ಲಿ. ಗುಂಡಿ ಒತ್ತಿ ಹಿಂದೆ ಸರಿದ ಮೇಲೆ ಕಟ್ಟಿದವರು ಅದನ್ನು ಮುಟ್ಟುವಂತಿಲ್ಲ.

ಅದಕ್ಕೆ ಎರಡು ಬಗೆಯ ಕಣ್ಣು ಬೇಕು. ನೆಲ ನೋಡುವ ಕಣ್ಣು ಬೆಳಕು ಚೆಲ್ಲಿ ಎಷ್ಟು ಮರಳಿತು ಎಂದು ಅಳೆಯುತ್ತದೆ. ಕಪ್ಪು ಕಣ ಬೆಳಕನ್ನು ನುಂಗುತ್ತದೆ, ಬಿಳಿ ಅಂಚು ಮರಳಿಸುತ್ತದೆ. ಎದುರು ನೋಡುವ ಕಣ್ಣು ಬಾವಲಿಯಂತೆ ಕಿವಿಗೆ ಕೇಳದ ಸದ್ದು ಬಿಟ್ಟು ಪ್ರತಿಧ್ವನಿಗೆ ಕಾಯುತ್ತದೆ. ಬುದ್ಧಿಯಂತೂ ಮೂರೇ ಸಾಲು: ಬಿಳಿ ಕಂಡರೆ ಹಿಂದೆ ಸರಿದು ತಿರುಗು, ಎದುರಾಳಿ ಕಂಡರೆ ನೂಕು, ಏನೂ ಕಾಣದಿದ್ದರೆ ನಿಂತಲ್ಲೇ ಸುತ್ತು. ಈ ಮೂರರಲ್ಲಿ ಯಾವುದು ಮೊದಲು ಎಂಬುದರಲ್ಲೇ ಜಾಣತನ. ನೂಕುವುದನ್ನು ಮೊದಲಿಟ್ಟ ಯಂತ್ರ ಎದುರಾಳಿಯನ್ನು ಅಟ್ಟಿಕೊಂಡು ಹೋಗಿ ತಾನೂ ಕೆಳಗೆ ಬೀಳುತ್ತದೆ.

ಆಟಿಕೆಯೊಳಗೆ ಇಂಥ ಬುದ್ಧಿ ಬಂದ ಕಥೆಯ ಹಿಂದೆ ಎಂಐಟಿಯ ಗಣಿತಜ್ಞ ಸೆಮೋರ್ ಪ್ಯಾಪರ್ಟ್ ಇದ್ದಾರೆ. ಮಕ್ಕಳು ಕಂಪ್ಯೂಟರಿಗೆ ಕಲಿಸುವುದರ ಮೂಲಕ ತಾವು ಕಲಿಯುತ್ತಾರೆ ಎಂದು ಅವರು ವಾದಿಸಿದರು. 1980ರಲ್ಲಿ ಬಂದ ಅವರ ಪುಸ್ತಕದ ಹೆಸರು ‘ಮೈಂಡ್‌ಸ್ಟಾರ್ಮ್ಸ್’. ಲೆಗೊ 1998ರಲ್ಲಿ ಕಂಪ್ಯೂಟರ್ ಅಡಗಿಸಿದ ಇಟ್ಟಿಗೆಯನ್ನು ಮಾರುಕಟ್ಟೆಗೆ ತಂದಾಗ ಆ ಹೆಸರನ್ನೇ ಇಟ್ಟಿತು. 24 ವರ್ಷ ನಡೆದ ಆ ಮಾಲಿಕೆಯನ್ನು 2022ರ ಕೊನೆಗೆ ನಿಲ್ಲಿಸಿತು. ಶಾಲೆಗಳಿಗೆಂದು ಮಾಡಿದ ‘ಸ್ಪೈಕ್’ ಮಾಲಿಕೆ ಅದರ ಜಾಗಕ್ಕೆ ಬಂತು.

ಪೆಟ್ಟಿಗೆಯ ಬೆಲೆ

ಇವಿ3 ಪೆಟ್ಟಿಗೆ 2013ರಲ್ಲಿ ಬಂದಾಗ ಅಮೆರಿಕದಲ್ಲೇ 350 ಡಾಲರ್. ನಮ್ಮಲ್ಲಿ ಹೊರಗಿನಿಂದ ಬರುವ ಆಟಿಕೆಗಳ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗೆ ಐಎಸ್ಐ ಗುರುತೂ ಕಡ್ಡಾಯ. ದೇಶದ ಆಟಿಕೆ ತಯಾರಕರಿಗೆ ಇದರಿಂದ ಅನುಕೂಲವಾಗಲಿ, ಚನ್ನಪಟ್ಟಣಕ್ಕೂ ಕೊಪ್ಪಳದ ಆಟಿಕೆ ಕ್ಲಸ್ಟರಿಗೂ ಒಳ್ಳೆಯದಾಗಲಿ ಎಂದು ನಾನೂ ಬಯಸುತ್ತೇನೆ. ಆದರೆ ಹಿರೇಕೆರೂರಿನ ಒಬ್ಬ ಗೋವಿನಜೋಳದ ರೈತನ ಮಗಳಿಗೆ ಆ ಪೆಟ್ಟಿಗೆ ಕನಸಿನಲ್ಲೂ ದುಬಾರಿ ಎಂಬುದನ್ನು ಹೇಳಲೇಬೇಕು.

ದಾರಿ ಇಲ್ಲವೆಂದಲ್ಲ. ಬ್ಯಾಟರಿಯಿಂದ ಓಡುವ, ಹಳದಿ ಬಣ್ಣದ ಬಿಓ ಮೋಟರ್ ನೂರು ರೂಪಾಯಿಯ ಒಳಗೇ ಸಿಗುತ್ತದೆ. ಅದರೊಳಗೆ ಮೊದಲೇ ಪ್ಲಾಸ್ಟಿಕ್ ಗಿಯರ್ ಇರುತ್ತದೆ. ಸಾಮಾನ್ಯವಾಗಿ 48 ಸುತ್ತಿಗೆ ಒಂದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ ಯಂತ್ರದ ಮಿದುಳಾಗುವ ಆರ್ಡುಯಿನೊ ಬೋರ್ಡು, ಸೆನ್ಸರ್, ಮೋಟರ್ ಡ್ರೈವರ್ ಎಲ್ಲ ಅಂಚೆಯಲ್ಲೇ ಬರುತ್ತವೆ. ಇಟ್ಟಿಗೆಯ ಪೇಟೆಂಟ್ ಅವಧಿ ಎಂದೋ ಮುಗಿದಿರುವುದರಿಂದ ಅದೇ ಅಳತೆಯ ಬೇರೆ ಕಂಪನಿಗಳ ಇಟ್ಟಿಗೆಗಳಿವೆ. ಹಳದಿ ಮೋಟರನ್ನು ತೂತಿನ ಇಟ್ಟಿಗೆಗೆ ಕಟ್ಟಲು ಒಂದು ಕೇಬಲ್ ಟೈ ಸಾಕು. ಹಿಂಜರಿಯದೆ ಬೆರಕೆ ಮಾಡಬೇಕು.

ಸರ್ಕಾರದ ಬಾಗಿಲೂ ಒಂದಿದೆ. 2016ರಲ್ಲಿ ಶುರುವಾದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿಯವರೆಗೆ ನೆರವು ಸಿಗುತ್ತದೆ. ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್, ರೋಬೊಟಿಕ್ಸ್ ಸಾಮಾನು, ತ್ರೀಡಿ ಪ್ರಿಂಟರ್, ಕೈಹತಾರಗಳು. ದೇಶದಲ್ಲಿ ಇಂಥ 10 ಸಾವಿರ ಲ್ಯಾಬುಗಳಾಗಿವೆ. ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲಿ 50 ಸಾವಿರ ಎಂದು 2025ರ ಬಜೆಟ್ ಘೋಷಿಸಿತು. ನನ್ನ ಕಳಕಳಿ ಒಂದೇ. ಸಾಮಾನು ಕಳೆದೀತು, ಸುಟ್ಟೀತು, ಲೆಕ್ಕ ಕೊಡಬೇಕಾದೀತು ಎಂಬ ಹೆದರಿಕೆಯಿಂದ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬಾರದು. ವರ್ಷಕ್ಕೆ ಹತ್ತು ಮೋಟರ್ ಸುಡದ ಲ್ಯಾಬಿನಲ್ಲಿ ಯಾರೂ ಏನನ್ನೂ ಕಟ್ಟುತ್ತಿಲ್ಲ ಎಂದೇ ಅರ್ಥ. ಸುಟ್ಟ ಮೋಟರಿಗೂ ಲೆಕ್ಕದಲ್ಲಿ ಒಂದು ಕಲಮು ಇಟ್ಟುಬಿಡಲಿ.

ದಂಟು, ಬೆಂಡು

ಬಿಳಿಜೋಳ ಕೊಯ್ದ ಮೇಲೆ ಕಣದಲ್ಲಿ ಕೂತು ದಂಟಿನ ಬಂಡಿ ಮಾಡಿದ ನೆನಪು ನನ್ನ ವಯಸ್ಸಿನವರಿಗೆಲ್ಲ ಇದೆ. ದಂಟಿನ ಸಿಪ್ಪೆ ಸುಲಿದು ಸೀಳು ಮಾಡಬೇಕು. ಒಳಗಿನ ಬೆಂಡನ್ನು ತುಂಡು ತುಂಡಾಗಿ ಕತ್ತರಿಸಬೇಕು. ಸೀಳನ್ನು ಬೆಂಡಿಗೆ ಚುಚ್ಚುತ್ತ ಹೋದರೆ ನೊಗ, ಮೂಕಿ, ಗಾಲಿ, ಎತ್ತು. ಅಂಟಿಲ್ಲ, ಮೊಳೆಯಿಲ್ಲ, ದುಡ್ಡಂತೂ ಇಲ್ಲವೇ ಇಲ್ಲ. ಬೆರಳು ಕೊಯ್ದುಕೊಳ್ಳದೆ ಸೀಳು ಮಾಡುವುದನ್ನು ಕಲಿಯಲು ಒಂದು ಸುಗ್ಗಿ ಬೇಕಾಗುತ್ತಿತ್ತು. ಶಿಗ್ಗಾವಿ ಹತ್ತಿರದ ಗೊಟಗೋಡಿಯ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬದುಕಿನ ಆಳೆತ್ತರದ ಪ್ರತಿಮೆಗಳನ್ನು ನೋಡುವಾಗಲೆಲ್ಲ ನನ್ನ ಬೆರಳಿಗೆ ಆ ಸಿಪ್ಪೆಯ ಅಂಚು ನೆನಪಾಗುತ್ತದೆ.

ಬೆಂಡೇ ಇಟ್ಟಿಗೆ, ಸೀಳೇ ಪಿನ್. ಒಂದು ಸೀಳು ಹಾಕಿದರೆ ಬಂಡಿ ವಾಲುತ್ತದೆ, ಅಡ್ಡಕ್ಕೆ ಇನ್ನೊಂದು ಚುಚ್ಚಿದರೆ ನಿಲ್ಲುತ್ತದೆ ಎಂಬುದನ್ನು ಯಾರೂ ಬಾಯಲ್ಲಿ ಹೇಳಿಕೊಡಲಿಲ್ಲ. ಕೈಯೇ ಕಂಡುಕೊಂಡಿತು. ಈಗ ನಮ್ಮ ಹೊಲಗಳಲ್ಲಿ ಗೋವಿನಜೋಳವೇ ಹೆಚ್ಚು, ದಂಟಿನ ಬಂಡಿ ಮಾಡುವ ಮಕ್ಕಳು ಕಡಿಮೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನೂ ಪೇಟೆಯಿಂದ ತರುವವರಿದ್ದಾರೆ. ಕೈಯ ಆ ಕಲಿಕೆಗೆ ಬೇರೊಂದು ಜಾಗ ಬೇಕಾಗಿದೆ. ಇಟ್ಟಿಗೆಯ ಟಗರು ಆ ಜಾಗವಾದೀತು ಎಂದು ನನ್ನ ಆಸೆ.

ಇನ್ನೊಂದು ಕಾರಣವನ್ನೂ ಹೇಳುತ್ತೇನೆ. ಪ್ರಾಣಿಗಳನ್ನು ಕಾದಾಡಿಸುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಅಪರಾಧ ಎನ್ನುತ್ತದೆ. ಟಗರಿನ ಕಣದ ಹುಮ್ಮಸ್ಸನ್ನು ನೋಡುತ್ತ ಬೆಳೆದ ನನಗೆ ಅದರ ನೆತ್ತಿಯ ಗಾಯವೂ ಕಣ್ಣ ಮುಂದಿದೆ. ಆ ಹುಮ್ಮಸ್ಸು, ಆ ಹಲಗೆ, ಹೋರಿ ಹಬ್ಬದಲ್ಲಿ ಹೋರಿಗಳಿಗೆ ಇಡುವಂಥ ಗರ್ವದ ಹೆಸರುಗಳು, ಊರಿಗೆ ಊರೇ ಪಣ ತೊಟ್ಟು ನಿಲ್ಲುವ ಆ ಅಭಿಮಾನ, ಇಷ್ಟನ್ನೂ ಒಂದು ಪ್ಲೈವುಡ್ ಹಲಗೆಯ ಸುತ್ತ ಕೂಡಿಸಬಹುದು. ತಾಲ್ಲೂಕಿಗೆ ಒಂದು ಕಣ, 77 ಸೆಂ.ಮೀ. ಹಾನಗಲ್ಲಿನ ಯಂತ್ರ ಸವಣೂರಿಗೆ ಬರಲಿ, ಶಿಗ್ಗಾವಿಯದು ಹಿರೇಕೆರೂರಿಗೆ ಹೋಗಲಿ. ತೂಕ ನೋಡಲು ಸಂತೆಯ ತಕ್ಕಡಿ ಸಾಕು.

ಪಂದ್ಯ ಮುಗಿದ ಮೇಲೆ ಕೋಣೆಯಲ್ಲಿ ಒಂದು ಕೆಲಸ ಉಳಿಯುತ್ತದೆ. ಗೆದ್ದವರು ಸೋತವರು ಎಲ್ಲ ಮಂಡಿಯೂರಿ ನೆಲ ತಡಕುತ್ತಾರೆ. ಬೆಂಚಿನ ಕೆಳಗೆ, ಬಾಗಿಲ ಸಂದಿಯಲ್ಲಿ, ಚಪ್ಪಲಿ ಬಿಟ್ಟ ಕಡೆ. ಆಯ್ದದ್ದನ್ನು ಮೊರಕ್ಕೆ ಹಾಕಿ ಬಣ್ಣ ಬಣ್ಣವಾಗಿ ಬೇರೆ ಮಾಡುತ್ತಾರೆ, ಅಕ್ಕಿ ಹಸನು ಮಾಡಿದ ಹಾಗೆ. ಎಣಿಸಿದಾಗ ಒಂದು ಕಪ್ಪು ಪಿನ್ ಕಡಿಮೆ ಬರುತ್ತದೆ. ಯಾರೋ ಮೊಬೈಲಿನ ಬೆಳಕು ಹಾಕಿ ಕಪಾಟಿನ ಕೆಳಗೆ ಬಗ್ಗುತ್ತಾರೆ.